ಲಿಂಬೋದಂಥ ಆಟದ ವಿಮರ್ಶೆಗಳನ್ನು ಓದುವ ಮತ್ತು ಬರೆಯುವ ಬಗೆ

ಮಾತಿಲ್ಲದ, ಕತ್ತಲು ತುಂಬಿದ, ಒಗಟು ಬಿಡಿಸುತ್ತ ಮುಂದೆ ಸಾಗಬೇಕಾದ ಸಣ್ಣ ತಂಡದ ವಿಡಿಯೋ ಗೇಮೊಂದನ್ನು ಕೊಳ್ಳಬೇಕೋ ಬೇಡವೋ ಎಂದು ತಿಳಿಯಲು ವಿಮರ್ಶೆಗಳನ್ನು ತೆರೆದವರಿಗೆ ಮೊದಲೇ ಒಂದು ತೊಡಕು ಎದುರಾಗುತ್ತದೆ. ಒಬ್ಬ ವಿಮರ್ಶಕರು ಯಾವುದನ್ನು ಆಟದ ಜೀವಾಳವೆಂದು ಹೊಗಳಿರುತ್ತಾರೋ, ಇನ್ನೊಬ್ಬರು ಅದನ್ನೇ ದೋಷವೆಂದು ಎತ್ತಿ ತೋರಿಸಿರುತ್ತಾರೆ. ಇಬ್ಬರೂ ಕೊಟ್ಟ ಅಂಕಗಳು ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಶಿರಸಿ, ಕುಮಟಾ, ಕಾರವಾರದ ಕಡೆ ಇಂಥ ಆಟಗಳನ್ನು ಆಡುವವರು, ಆಡಿದ್ದರ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರು ಈಗ ಸಾಕಷ್ಟಿದ್ದಾರೆ. ಅವರಿಗೆ ಉಪಯೋಗವಾಗಲೆಂದು, ವಿಮರ್ಶೆಯೊಂದರ ಮಾತನ್ನು ಅದು ಹುಟ್ಟಿದ ದೃಶ್ಯದವರೆಗೆ ಹಿಂಬಾಲಿಸಿ ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಲಿಂಬೋ.

ಈ ಆಯ್ಕೆಗೆ ಕಾರಣವಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಪ್ಲೇಡೆಡ್ ಎಂಬ ತಂಡ ಆರ್ನ್ಟ್ ಯೆನ್ಸನ್ ಅವರ ನಿರ್ದೇಶನದಲ್ಲಿ ಮಾಡಿದ ಈ ಆಟ 2010ರ ಜುಲೈ 21ರಂದು ಎಕ್ಸ್‌ಬಾಕ್ಸ್ 360ಕ್ಕೆ ಬಂದಿತು. 2011ರಲ್ಲಿ ಪ್ಲೇಸ್ಟೇಷನ್ 3 ಮತ್ತು ವಿಂಡೋಸ್‌ಗೆ, 2013ರಲ್ಲಿ ಐಫೋನಿಗೆ, 2015ರಲ್ಲಿ ಆಂಡ್ರಾಯ್ಡ್‌ಗೆ ಬಂದಿತು. ಬಿಡುಗಡೆಗೆ ಮುನ್ನವೇ, 2010ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ದೃಶ್ಯಕಲೆ ಮತ್ತು ತಾಂತ್ರಿಕ ಗುಣಮಟ್ಟಕ್ಕಾಗಿ ಎರಡು ಪ್ರಶಸ್ತಿಗಳನ್ನು ಪಡೆದಿತ್ತು. ಹೀಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಯಂತ್ರಗಳ ಮೇಲೆ, ಬೇರೆ ಬೇರೆ ಬೆಲೆಗೆ ಒಂದೇ ಆಟವನ್ನು ಆಡಿದವರ ಅಭಿಪ್ರಾಯಗಳು ಇದರ ಬಗ್ಗೆ ಸಿಗುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲವಾದ ಆಟ ಅಪರೂಪ. ಆಡದವರಿಗಾಗಿ ಎರಡು ಮಾತು: ಕಪ್ಪು, ಬಿಳುಪು ಮತ್ತು ಬೂದು ಬಣ್ಣಗಳಲ್ಲಷ್ಟೇ ಮೂಡುವ ಕಾಡೊಂದರಲ್ಲಿ ಹುಡುಗನೊಬ್ಬ ಕಣ್ಣು ತೆರೆಯುತ್ತಾನೆ, ತಂಗಿಗೆ ಏನಾಯಿತೆಂದು ತಿಳಿಯದೆ ಆಕೆಯನ್ನು ಹುಡುಕುತ್ತ ಬಲಕ್ಕೆ ನಡೆಯುತ್ತಾನೆ. ನಡೆಯುವುದು, ಹಾರುವುದು, ಹಿಡಿದು ಎಳೆಯುವುದು, ಇಷ್ಟೇ ಆಟಗಾರರ ಕೈಯಲ್ಲಿರುವ ಕ್ರಿಯೆಗಳು. ಪರದೆಯ ಮೇಲೆ ಅಂಕವಿಲ್ಲ, ಸೂಚನೆಯಿಲ್ಲ, ಒಂದು ಸಾಲಿನ ಸಂಭಾಷಣೆಯೂ ಇಲ್ಲ.

ಅಂಕವನ್ನು ಎಷ್ಟು ನಂಬಬೇಕು

ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಎಂಬ ಜಾಲತಾಣದಲ್ಲಿ ಲಿಂಬೋದ ಎಕ್ಸ್‌ಬಾಕ್ಸ್ ಆವೃತ್ತಿಗೆ 100ಕ್ಕೆ 90 ಅಂಕಗಳಿವೆ. ಪಿಸಿ ಆವೃತ್ತಿಗೆ 88. ಈ ಸಂಖ್ಯೆಯನ್ನು ಓದುವ ಮೊದಲು ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದಿರಬೇಕು. ಬೇರೆ ಬೇರೆ ಪತ್ರಿಕೆಗಳು ಬೇರೆ ಬೇರೆ ಅಳತೆಯಲ್ಲಿ ಕೊಟ್ಟ ಅಂಕಗಳನ್ನು ಮೆಟಾಕ್ರಿಟಿಕ್ ನೂರರ ಅಳತೆಗೆ ತರುತ್ತದೆ. ಐದಕ್ಕೆ ನಾಲ್ಕು ನಕ್ಷತ್ರವೆಂದರೆ ಅಲ್ಲಿ 80. ಬಳಿಕ ಕೆಲವು ಪತ್ರಿಕೆಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ, ಆದರೆ ಯಾರಿಗೆ ಎಷ್ಟು ತೂಕ ಎಂಬುದನ್ನು ಬಹಿರಂಗಪಡಿಸುವುದಿಲ್ಲ. ಗೇಮ್‌ಗಳ ವಿಭಾಗದಲ್ಲಿ 75ರಿಂದ ಮೇಲಿನದಕ್ಕೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕೂ ಕೆಳಗಿನದಕ್ಕೆ ಕೆಂಪು ಬಣ್ಣ. ಸಿನಿಮಾಗಳಿಗೆ ಇದೇ ಹಸಿರು 61ರಿಂದಲೇ ಶುರುವಾಗುತ್ತದೆ. ಗೇಮ್‌ಗಳಿಗೆ ಅಂಕ ಕೊಡುವವರ ಕೈ ಸಾಮಾನ್ಯವಾಗಿ ಉದಾರ ಎಂಬುದನ್ನು ಈ ವ್ಯತ್ಯಾಸವೇ ಒಪ್ಪಿಕೊಂಡಂತಿದೆ.

ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್‌ನ ಶೇಕಡಾವಾರು ಸಂಖ್ಯೆಯನ್ನು ಇದರ ಜೊತೆ ಬೆರೆಸಕೂಡದು. ಅಲ್ಲಿ ಕೊಂಡವರು ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತಾರೆ. ನೂರಕ್ಕೆ ತೊಂಬತ್ತು ಜನ ಶಿಫಾರಸು ಮಾಡಿದ್ದಾರೆ ಎಂದರೆ ಅಷ್ಟೂ ಜನ ಆಟವನ್ನು ಅಸಾಧಾರಣವೆಂದು ಭಾವಿಸಿದ್ದಾರೆ ಎಂದಾಗಲಿಲ್ಲ. ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ ಎಂದು ಸಮಾಧಾನಪಟ್ಟವರೂ ಆ ಎಣಿಕೆಯಲ್ಲಿ ಸೇರಿರುತ್ತಾರೆ. ಜೊತೆಗೆ, ಅಲ್ಲಿ ಬರೆಯುವವರು ತಾವಾಗಿಯೇ ಆರಿಸಿ ಕೊಂಡವರು. ಪತ್ರಿಕೆಯ ವಿಮರ್ಶಕರಾದರೋ ತಮಗೆ ಒಪ್ಪಿಸಿದ ಆಟವನ್ನು ಗಡುವಿನೊಳಗೆ ಮುಗಿಸಿದವರು. ಮೂರು ನಾಲ್ಕು ತಾಸಿನಲ್ಲಿ ಮುಗಿಯುವ ಆಟವನ್ನು ಒಂದೇ ಪಟ್ಟಿಗೆ ಕುಳಿತು ಮುಗಿಸಿದವರಿಗೂ, ದಿನಕ್ಕೆ ಅರ್ಧ ತಾಸಿನಂತೆ ವಾರವಿಡೀ ಆಡಿದವರಿಗೂ ಅದು ಒಂದೇ ತೆರನಾಗಿ ಕಾಣುವುದಿಲ್ಲ.

ಆದ್ದರಿಂದ ಸರಾಸರಿಯನ್ನು ಒಮ್ಮೆ ನೋಡಿ ಬದಿಗಿಡಿ. ಪಟ್ಟಿಯ ಮೇಲ್ತುದಿಯಿಂದ ಒಂದು, ಕೆಳತುದಿಯಿಂದ ಒಂದು, ನಡುವಿನಿಂದ ಒಂದು ವಿಮರ್ಶೆಯನ್ನು ಆರಿಸಿ ಪೂರ್ತಿ ಓದಿ. ಮೂರರಲ್ಲೂ ಬರುವ ಸಂಗತಿ ಯಾವುದು ಎಂದು ಗುರುತು ಹಾಕಿಕೊಳ್ಳಿ. ಲಿಂಬೋದ ಮಟ್ಟಿಗೆ ಹೇಳುವುದಾದರೆ, ಮೆಚ್ಚಿದವರೂ ಮೆಚ್ಚದವರೂ ಮತ್ತೆ ಮತ್ತೆ ಮುಟ್ಟುವ ವಿಷಯಗಳು ನಾಲ್ಕೇ: ಪದೇ ಪದೇ ಬರುವ ಸಾವು, ಆಟದ ಉದ್ದ ಮತ್ತು ಬೆಲೆ, ಎರಡನೆಯ ಅರ್ಧ, ಹಾಗೂ ಏನನ್ನೂ ವಿವರಿಸದೆ ನಿಂತುಬಿಡುವ ಕೊನೆ.

ಹೊಗಳಿಕೆಯೂ ದೂರೂ ಒಂದೇ ಜಾಗದಿಂದ ಬಂದಾಗ

ಸಾವಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ವಿಮರ್ಶೆಗಳನ್ನು ಓದುವ ಕೌಶಲವೆಲ್ಲ ಇಲ್ಲಿಯೇ ಪರೀಕ್ಷೆಗೊಳಗಾಗುತ್ತದೆ. ಲಿಂಬೋದಲ್ಲಿ ಹುಡುಗ ಲೆಕ್ಕವಿಲ್ಲದಷ್ಟು ಸಲ ಸಾಯುತ್ತಾನೆ. ಕಾಡಿನ ನೆಲದಲ್ಲಿ ಹಲ್ಲುಗಳುಳ್ಳ ಕಬ್ಬಿಣದ ಬೋನುಗಳು ಹುಲ್ಲಿನ ಕಪ್ಪಿನೊಳಗೆ ಕಪ್ಪಾಗಿ ಬೆರೆತಿರುತ್ತವೆ. ಮೊದಲ ಬಾರಿ ಹೋಗುವವರ ಕಣ್ಣಿಗೆ ಅವು ಬೀಳುವುದೇ ಕಷ್ಟ. ಒತ್ತಿ ಜಜ್ಜುವ ಯಂತ್ರಗಳಿರುವ ಜಾಗ ಇನ್ನೂ ಕುಚೋದ್ಯದ್ದು: ಒಂದು ಕಡೆ ನೆಲದಿಂದ ತುಸು ಎದ್ದು ಕಾಣುವ ಹಲಗೆಯನ್ನು ಮೆಟ್ಟಿದರೆ ಮೇಲಿನ ಭಾರ ಕುಸಿದು ಬೀಳುತ್ತದೆ, ಪಕ್ಕದಲ್ಲೇ, ನೋಡಲು ಅದರಂತೆಯೇ ಇರುವ ಇನ್ನೊಂದು ಕಡೆ ಹಲಗೆಯನ್ನು ಮೆಟ್ಟದೆ ಅದರ ಆಚೀಚೆ ಕಾಲಿಟ್ಟರೆ ಬೀಳುತ್ತದೆ. ಒಂದರಲ್ಲಿ ಕಲಿತ ಪಾಠವನ್ನೇ ಇನ್ನೊಂದರಲ್ಲಿ ಪಾಲಿಸಿದವನು ಸಾಯಲೇಬೇಕು.

ಇದನ್ನು ಆಡಿದ ಒಬ್ಬರು, ಆಟವು ತನ್ನ ಆಟಗಾರನ ಮನಸ್ಸನ್ನು ಓದಿ ತಮಾಷೆ ಮಾಡುತ್ತದೆ, ಸತ್ತರೂ ಕೆಲವೇ ಕ್ಷಣಗಳ ಹಿಂದಿನ ಜಾಗದಿಂದ ಮತ್ತೆ ಶುರುವಾಗುವುದರಿಂದ ನಷ್ಟವೇನಿಲ್ಲ, ಸಾವೇ ಇಲ್ಲಿ ಸೂಚನಾಫಲಕದ ಕೆಲಸ ಮಾಡುತ್ತದೆ ಎಂದು ಬರೆಯುತ್ತಾರೆ. ಇನ್ನೊಬ್ಬರು, ಮುಂದಾಲೋಚನೆಯಿಂದ ತಪ್ಪಿಸಿಕೊಳ್ಳಲಾಗದ ಸಾವು ಒಗಟಲ್ಲ, ಬರೀ ಪ್ರಯತ್ನ ಮತ್ತು ಪ್ರಮಾದದ ಪುನರಾವರ್ತನೆ ಎನ್ನುತ್ತಾರೆ. ಎರಡೂ ಸತ್ಯ. ಓದುಗರು ಮಾಡಬೇಕಾದದ್ದು, ಯಾರು ಸರಿ ಎಂದು ತೀರ್ಪು ಕೊಡುವುದಲ್ಲ. ತಮ್ಮ ಸ್ವಭಾವ ಯಾವ ಕಡೆಯದೆಂದು ಕೇಳಿಕೊಳ್ಳುವುದು. ಸೋತ ಕೂಡಲೇ ನಗು ಬರುವವರಿಗೂ, ಸೋತರೆ ಕಂಟ್ರೋಲರನ್ನು ಹಾಸಿಗೆಯ ಮೇಲೆ ಎಸೆಯುವವರಿಗೂ ಒಂದೇ ವಿಮರ್ಶೆ ಹೊಂದುವುದಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಒಳ್ಳೆಯ ವಿಮರ್ಶೆ ಎಲ್ಲ ಸಾವುಗಳನ್ನೂ ಒಂದೇ ಗಂಟಿಗೆ ಕಟ್ಟುವುದಿಲ್ಲ. ದೊಡ್ಡ ಜೇಡದ ಪ್ರಸಂಗವನ್ನೇ ತೆಗೆದುಕೊಳ್ಳಿ: ಮರದ ಹಿಂದಿನಿಂದ ಉದ್ದನೆಯ ಕಾಲುಗಳು ಚಾಚಿಕೊಂಡು ಬಂದು ಹುಡುಗನನ್ನು ತಿವಿಯುತ್ತವೆ. ಮರದಿಂದ ಕೆಳಗೆ ಬೀಳುವ ಬೋನನ್ನು ಎಳೆದು ತಂದು, ಜೇಡ ಕಾಲೂರುವ ಜಾಗದಲ್ಲಿ ಇಟ್ಟು, ಅದರ ಕಾಲೇ ಅದರೊಳಗೆ ಸಿಕ್ಕುವಂತೆ ಮಾಡಬೇಕು. ಅದುವರೆಗೆ ಹುಡುಗನನ್ನು ಕೊಲ್ಲುತ್ತಿದ್ದ ವಸ್ತುವೇ ಇಲ್ಲಿ ಅವನ ಆಯುಧವಾಗುತ್ತದೆ, ಮತ್ತು ಇದನ್ನು ಊಹಿಸಲು ಬೇಕಾದ ಸುಳಿವುಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಈ ಸಾವು ನ್ಯಾಯವಾದದ್ದು. ಜಜ್ಜುವ ಯಂತ್ರದ ಸಾವು ಕುಚೋದ್ಯದ್ದು. ಈ ಎರಡರ ನಡುವಣ ವ್ಯತ್ಯಾಸವನ್ನು ಹೆಸರಿಸಿ ಹೇಳಿದ ವಿಮರ್ಶಕರನ್ನು ನಂಬಬಹುದು. ಬರೀ ಕಷ್ಟವಾಗಿದೆ ಅಥವಾ ಸವಾಲಿನದಾಗಿದೆ ಎಂದು ದಾಟಿಹೋದವರನ್ನು ಅಷ್ಟಾಗಿ ನಂಬಬೇಕಿಲ್ಲ.

ಎರಡನೆಯ ಅರ್ಧದ ಬಗೆಗಿನ ದೂರು ಇದಕ್ಕಿಂತ ಗಟ್ಟಿಯಾದದ್ದು. ಕಾಡು ಮುಗಿದು, ಕಾರ್ಖಾನೆಯಂಥ ಜಾಗ ಶುರುವಾದ ಮೇಲೆ ಗರಗಸ, ಅಯಸ್ಕಾಂತ, ತಿರುಗುವ ಗುರುತ್ವಾಕರ್ಷಣೆ ಇವುಗಳೇ ಹೆಚ್ಚಾಗಿ, ಜೇಡದಂಥ ಜೀವಂತ ವೈರಿಗಳು ಹಿಂದೆ ಸರಿಯುತ್ತಾರೆ. ಒಗಟುಗಳು ಜಾಣತನದವು; ಆದರೆ ಹೆದರಿಕೆ ಸಡಿಲವಾಗುತ್ತದೆ. ಮೆಚ್ಚಿ ಬರೆದ ಹಲವು ವಿಮರ್ಶೆಗಳಲ್ಲೂ ಈ ಮಾತು ಬರುತ್ತದೆ, ಮತ್ತು ನನ್ನ ಅಭಿಪ್ರಾಯವೂ ಅದೇ. ಹೊಗಳುತ್ತಿರುವವರೇ ಒಂದು ಕೊರತೆಯನ್ನು ಒಪ್ಪಿಕೊಂಡರೆ ಅದಕ್ಕೆ ಸಾಮಾನ್ಯ ದೂರಿಗಿಂತ ಹೆಚ್ಚಿನ ಬೆಲೆಯಿದೆ ಎಂದು ತಿಳಿಯಿರಿ.

ಕೊನೆಯ ದೃಶ್ಯದ ಬಗ್ಗೆ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ಥಟ್ಟನೆ ನಿಲ್ಲುತ್ತದೆ. ಕೆಲವರಿಗೆ ಅದು ಅರೆಬರೆ ಎನಿಸಿದೆ, ಕೆಲವರಿಗೆ ಅದೇ ಸರಿಯಾದ ಕೊನೆ ಎನಿಸಿದೆ.

ಯಾವಾಗ, ಎಷ್ಟಕ್ಕೆ, ಯಾವುದರ ಮೇಲೆ

ಪ್ರತಿ ವಿಮರ್ಶೆಯ ದಿನಾಂಕವನ್ನು ತಪ್ಪದೆ ನೋಡಿ. 2010ರಲ್ಲಿ ಲಿಂಬೋದ ಬೆಲೆ ಎಕ್ಸ್‌ಬಾಕ್ಸ್ ಮಳಿಗೆಯಲ್ಲಿ ಆಗ ಹಣದಂತೆ ಬಳಸುತ್ತಿದ್ದ ಮೈಕ್ರೋಸಾಫ್ಟ್ ಪಾಯಿಂಟ್‌ಗಳಲ್ಲಿ 1200, ಅಂದರೆ 15 ಡಾಲರ್. ಮೂರರಿಂದ ಐದು ತಾಸಿನ ಆಟಕ್ಕೆ ಅದು ದುಬಾರಿಯಾಯಿತೇ ಎಂಬ ಚರ್ಚೆ ಆಗ ಜೋರಾಗಿ ನಡೆಯಿತು, ಹಲವು ವಿಮರ್ಶೆಗಳಲ್ಲಿ ಉದ್ದದ ಬಗೆಗಿನ ದೂರು ನಿಜಕ್ಕೂ ಬೆಲೆಯ ಬಗೆಗಿನ ದೂರೇ ಆಗಿತ್ತು. ರಿಯಾಯಿತಿಯ ದಿನಗಳಲ್ಲಿ ಅದರ ಸಣ್ಣದೊಂದು ಪಾಲಿಗೆ ಆಟ ಸಿಗುವ ಈ ಕಾಲದಲ್ಲಿ ಆ ವಾಕ್ಯವನ್ನು ಹಾಗೆಯೇ ಎತ್ತಿಕೊಂಡು ನಿರ್ಧಾರಕ್ಕೆ ಬರುವುದು ಸರಿಯಲ್ಲ. ಹೋಲಿಕೆಗಳಿಗೂ ಕಾಲವಿದೆ. ಬಿಡುಗಡೆಯ ಹೊತ್ತಿನ ವಿಮರ್ಶಕರು ಇದನ್ನು 2008ರಲ್ಲಿ ಬಂದ ಬ್ರೇಯ್ಡ್ ಎಂಬ ಒಗಟಿನ ಆಟದ ಜೊತೆಗಿಟ್ಟು ನೋಡಿದರು. 2016ರಲ್ಲಿ ಇದೇ ತಂಡದ ಇನ್‌ಸೈಡ್ ಬಂದು, ಎಕ್ಸ್‌ಬಾಕ್ಸ್ ಒನ್ ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ 93 ಅಂಕ ಪಡೆದ ಮೇಲೆ ಬರೆದವರು ಲಿಂಬೋವನ್ನು ಅದರ ಪೂರ್ವತಯಾರಿ ಎಂಬಂತೆ ಓದತೊಡಗಿದರು. ಹಳೆಯ ಆಟದಲ್ಲಿ ಹೊಸ ಆಟದ ಕೊರತೆಯನ್ನು ಹುಡುಕುವುದು ಸುಲಭ, ನ್ಯಾಯವಲ್ಲ. ಇನ್ನೊಂದು ಹಿನ್ನೆಲೆಯೂ ಇದೆ: ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಎಂಬ ಅರ್ಥದ ಮಾತನ್ನು ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಬರೆದು ವಿವಾದವೆಬ್ಬಿಸಿದ್ದು ಅದೇ 2010ರ ಏಪ್ರಿಲ್‌ನಲ್ಲಿ. ಮೂರು ತಿಂಗಳ ಬಳಿಕ ಬಂದ ಈ ಕಪ್ಪುಬಿಳುಪಿನ ಆಟದ ವಿಮರ್ಶೆಗಳಲ್ಲಿ ಕಲೆ ಎಂಬ ಮಾತು ಎದುರಾದಾಗ, ಅದು ಆಟದ ಬಗೆಗಿನ ಮಾತೋ ಆ ವಾದಕ್ಕೆ ಕೊಟ್ಟ ಉತ್ತರವೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಯಂತ್ರವೂ ಮುಖ್ಯವೇ. ಬಟನ್ ಒತ್ತಿ ಹಾರುವುದಕ್ಕೂ, ಫೋನಿನ ಗಾಜಿನ ಮೇಲೆ ಬೆರಳು ಸವರಿ ಹಾರುವುದಕ್ಕೂ ವ್ಯತ್ಯಾಸವಿದೆ. ನೀವು ಆಡುವ ಯಂತ್ರದ ಮೇಲೆಯೇ ಆಡಿದವರ ಮಾತನ್ನು ಮೊದಲು ಓದಿ.

ನೀವೇ ಆಡಿ ಪರೀಕ್ಷಿಸುವಾಗ

ಲಿಂಬೋವನ್ನು ಹೊಗಳಿದ ಬಹುತೇಕ ಎಲ್ಲರೂ ಅದರ ಶಬ್ದವನ್ನು ಹೊಗಳಿದ್ದಾರೆ. ಮಾರ್ಟಿನ್ ಸ್ಟಿಗ್ ಆಂಡರ್ಸನ್ ಅವರು ರೂಪಿಸಿದ ಆ ಶಬ್ದಲೋಕದಲ್ಲಿ ಗುನುಗಬಹುದಾದ ರಾಗವೇನೂ ಇಲ್ಲ. ಗಾಳಿ, ಹೆಜ್ಜೆ, ದೂರದ ಯಂತ್ರದ ಮೊರೆತ, ಅವು ಒಂದರೊಳಗೊಂದು ಕರಗಿ ಹುಟ್ಟುವ ಒಂದು ಬಗೆಯ ಒತ್ತಡ, ಇಷ್ಟೇ. ಮಳೆಗಾಲದ ಶಿರಸಿಯಲ್ಲಿ, ತಗಡಿನ ಮಾಡಿನ ಕೆಳಗೆ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಹೊರಟರೆ ತಗಡಿನ ಮೇಲಿನ ಮಳೆಯ ಹೊರತು ಇನ್ನೇನೂ ಕೇಳುವುದಿಲ್ಲ. ಶಬ್ದದ ಹೊಗಳಿಕೆ ಉತ್ಪ್ರೇಕ್ಷೆ ಎಂದು ಅಲ್ಲಿಂದಲೇ ತೀರ್ಮಾನಿಸಬಾರದು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲವಾದರೆ ಮಳೆ ಹೊಳವಾಗುವವರೆಗೆ ಕಾಯಿರಿ.

ಪರದೆಯ ವಿಷಯವೂ ಹೀಗೆಯೇ. ಕಾರವಾರದಲ್ಲಿ ಕಡಲಿನ ಕಡೆಗೆ ಕಿಟಕಿಯಿರುವ ಕೋಣೆಯಲ್ಲಿ, ಮಧ್ಯಾಹ್ನದ ಬೆಳಕು ನೇರವಾಗಿ ಪರದೆಯ ಮೇಲೆ ಬೀಳುವಾಗ ಈ ಆಟದ ಬೂದು ಬಣ್ಣದ ಪದರಗಳೆಲ್ಲ ಒಂದೇ ಆಗಿಬಿಡುತ್ತವೆ, ಬೋನುಗಳು ಕಾಣುವುದೇ ಇಲ್ಲ, ಆಗ ಸಾವುಗಳೆಲ್ಲ ಅನ್ಯಾಯದವೆಂದೇ ತೋರುತ್ತವೆ. ಕಿಟಕಿ ಮುಚ್ಚಿ, ಅಥವಾ ರಾತ್ರಿ ದೀಪವಾರಿಸಿ ಆಡಿ. ಬ್ರೈಟ್‌ನೆಸ್ ಅನ್ನು ಪೂರ್ತಿ ಏರಿಸಬೇಡಿ. ಏರಿಸಿದರೆ ಕಪ್ಪು ತೊಳೆದಂತಾಗಿ ಚಿತ್ರದ ಆಳ ಹೋಗುತ್ತದೆ. ಕರೆಂಟು ಹೋಗುವ ಚಿಂತೆ ಹೆಚ್ಚು ಬೇಡ. ಆಟ ತನ್ನಷ್ಟಕ್ಕೆ ಚೆಕ್‌ಪಾಯಿಂಟುಗಳಲ್ಲಿ ಉಳಿಸಿಕೊಳ್ಳುತ್ತ ಹೋಗುವುದರಿಂದ ಕಳೆದುಹೋಗುವುದು ಅಲ್ಪವೇ. ಪಿಸಿ ಆವೃತ್ತಿಗೆ ಬೇಕಾಗುವ ಜಾಗ ಸುಮಾರು 150 ಎಂಬಿ, ಆದ್ದರಿಂದ ನೆಟ್‌ವರ್ಕ್ ಕುಂಟುವ ಘಟ್ಟದ ಊರುಗಳಲ್ಲೂ ಇಳಿಸಿಕೊಳ್ಳುವುದು ಕಷ್ಟವಲ್ಲ. ಇನ್‌ಸೈಡ್‌ಗಾದರೋ 3 ಜಿಬಿ ಬೇಕು. ಸ್ಟೀಮ್‌ನಲ್ಲಿ ಕೊಂಡು 14 ದಿನಗಳೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸಿಕೊಳ್ಳಲು ಅವಕಾಶವಿದೆ. ಆದರೆ ಇಷ್ಟು ಚಿಕ್ಕ ಆಟದಲ್ಲಿ ಎರಡು ತಾಸೆಂದರೆ ಅರ್ಧದಷ್ಟು ಮುಗಿದಿರುತ್ತದೆ ಎಂಬುದು ನೆನಪಿರಲಿ. ಮೆಚ್ಚಿ ಆಡಿ ಮರಳಿಸುವುದು ಸಣ್ಣ ತಂಡಗಳಿಗೆ ಮಾಡುವ ಅನ್ಯಾಯ.

ಬರೆಯಲು ಕುಳಿತಾಗ

ವಿಮರ್ಶೆ ಬರೆಯುವ ಉದ್ದೇಶವಿದ್ದರೆ ಕ್ರಮವನ್ನು ತಿರುಗಿಸಬೇಕು: ಮೊದಲು ಆಟ ಮುಗಿಸಿ, ನಿಮ್ಮ ಟಿಪ್ಪಣಿ ಬರೆದಿಟ್ಟುಕೊಂಡು, ಆಮೇಲಷ್ಟೇ ಬೇರೆಯವರದನ್ನು ಓದಿ. ಮೊದಲೇ ಓದಿದರೆ ಅವರ ಪದಗಳು ನಿಮ್ಮ ಕಣ್ಣಿನೊಳಗೆ ಕುಳಿತುಬಿಡುತ್ತವೆ.

ಹೇಗೆ ಬರೆಯಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ರಾತ್ರಿಯ ಯಕ್ಷಗಾನ ನೋಡಿ ಬಂದವರು ಮಾರನೆಯ ಬೆಳಿಗ್ಗೆ ಚಹಾದಂಗಡಿಯಲ್ಲಿ ಆಡಿಕೊಳ್ಳುವ ಮಾತಿಗೆ ಕಿವಿಗೊಟ್ಟರೆ ಸಾಕು. ಹತ್ತಕ್ಕೆ ಎಂಟು ಎಂದು ಅವರು ಹೇಳುವುದಿಲ್ಲ. ಭಾಗವತಿಕೆ ಚೊಲೋ ಆತು ಎನ್ನುತ್ತಾರೆ; ಅದೇ ಉಸಿರಿನಲ್ಲಿ, ಎರಡನೆಯ ಪ್ರಸಂಗದಲ್ಲಿ ಅರ್ಥ ಎಳೆದದ್ದು ಹೆಚ್ಚಾಯಿತೆಂದೂ, ಚಂಡೆ ಪದ್ಯವನ್ನು ಮುಚ್ಚಿತೆಂದೂ, ಇಂಥ ಪದ್ಯಕ್ಕೆ ಇಂಥ ವೇಷ ಕುಣಿದ ರೀತಿ ಮಾತ್ರ ಮರೆಯುವಂತಿಲ್ಲವೆಂದೂ ಬಿಡಿಬಿಡಿಯಾಗಿ ಹೇಳುತ್ತಾರೆ. ಪ್ರತಿಯೊಂದು ತೀರ್ಪಿಗೂ ಒಂದು ಪದ್ಯ ಸಾಕ್ಷಿಯಾಗಿ ನಿಂತಿರುತ್ತದೆ. ಗೇಮಿನ ವಿಮರ್ಶೆಯಲ್ಲೂ ಚಿತ್ರ, ಶಬ್ದ, ಒಗಟು, ಕೈಗೆ ಸಿಗುವ ಹಿಡಿತ, ಕಥೆ ಇವುಗಳನ್ನು ಹೀಗೆ ಬೇರ್ಪಡಿಸಿ ನೋಡಿ, ಒಂದೊಂದಕ್ಕೂ ಒಂದು ದೃಶ್ಯವನ್ನು ಸಾಕ್ಷಿಗೆ ತನ್ನಿ.

ವಾತಾವರಣ ಅದ್ಭುತವಾಗಿದೆ ಎಂಬ ವಾಕ್ಯ ಇಂಥ ಆಟಗಳ ಪ್ರತಿ ವಿಮರ್ಶೆಯಲ್ಲೂ ಇರುತ್ತದೆ, ಮತ್ತು ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಕಂಡದ್ದನ್ನು ಹೇಳಿ. ಆಟ ಶುರುವಾದಾಗ ಹುಡುಗ ಕತ್ತಲಲ್ಲಿ ಮಲಗಿಯೇ ಇರುತ್ತಾನೆ. ನೀವು ಬಟನ್ ಒತ್ತುವವರೆಗೆ ಏಳುವುದಿಲ್ಲ. ಎದ್ದಾಗ ಮುಖವಿಲ್ಲದ ಆ ಕಪ್ಪು ಆಕೃತಿಯಲ್ಲಿ ಎರಡು ಬಿಳಿ ಚುಕ್ಕೆಗಳಷ್ಟೇ ಕಣ್ಣಾಗಿ ತೆರೆದುಕೊಳ್ಳುತ್ತವೆ. ಅಥವಾ ಮುಂದೆ, ಹೊಳೆಯುವ ಹುಳುವೊಂದು ಮೇಲಿನಿಂದ ಬಿದ್ದು ಹುಡುಗನ ತಲೆಗೆ ಕಚ್ಚಿಕೊಂಡಾಗ, ಅವನು ನಿಮ್ಮ ಮಾತು ಕೇಳದೆ ಒಂದೇ ದಿಕ್ಕಿಗೆ ನಡೆಯತೊಡಗುತ್ತಾನೆ. ಬೆಳಕು ತಾಗಿದಾಗ ಮಾತ್ರ ತಿರುಗುತ್ತಾನೆ. ಕೈಯಲ್ಲಿದ್ದ ಹಿಡಿತ ತಪ್ಪಿದಾಗ ಆಗುವ ಕಸಿವಿಸಿಯನ್ನು ಈ ಒಂದು ಉದಾಹರಣೆ ಹೇಳುವಷ್ಟು ಹತ್ತು ವಿಶೇಷಣಗಳು ಹೇಳಲಾರವು.

ಅರ್ಥ ಹುಡುಕುವ ಚಪಲವನ್ನು ಸ್ವಲ್ಪ ತಡೆಹಿಡಿಯಿರಿ. ಹುಡುಗ ಸತ್ತಿದ್ದಾನೋ, ತಂಗಿ ಸತ್ತಿದ್ದಾಳೋ, ಇದು ಕನಸೋ ಎಂಬ ಊಹೆಗಳಿಗೆ ಕೊನೆಯಿಲ್ಲ, ಆಟವೇ ಅವುಗಳಿಗೆ ಉತ್ತರ ಕೊಡುವುದಿಲ್ಲ. ಊಹೆ ಬರೆಯಲೇಬೇಕೆನಿಸಿದರೆ ಪ್ರತ್ಯೇಕವಾಗಿ, ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಬಿಟ್ಟುಕೊಡುವ ಮಾತು ಇದೆ ಎಂದು ಮೊದಲೇ ತಿಳಿಸಿ ಬರೆಯಿರಿ. ಆಟದ ಗುಣವನ್ನು ಅಳೆಯುವ ಜಾಗದಲ್ಲಿ ಅದು ಬೇಡ.

ಮಕ್ಕಳಿರುವ ಮನೆಗಳಿಗಾಗಿ ಒಂದು ಮಾತನ್ನು ಸೇರಿಸುವುದನ್ನು ಮರೆಯಬೇಡಿ. ರಜೆಗೆ ಬಂದ ಅಕ್ಕನ ಮಗನಿಗೆ ಚಿತ್ರ ಚೆನ್ನಾಗಿದೆಯೆಂದು ಇದನ್ನು ಹಾಕಿಕೊಟ್ಟರೆ, ಅವನು ಮೊದಲ ಕೆಲವು ನಿಮಿಷಗಳಲ್ಲೇ ತನ್ನ ವಯಸ್ಸಿನ ಹುಡುಗನೊಬ್ಬನ ತಲೆ ಕತ್ತರಿಸಿ ಹೋಗುವುದನ್ನು ನೋಡಬೇಕಾಗುತ್ತದೆ. ನೆರಳಿನ ಚಿತ್ರವಾದರೂ ಅದು ಮೃದುವಾಗಿಲ್ಲ. ಸಾವಿನ ದೃಶ್ಯ ಬಂದಾಗ ಪರದೆಯನ್ನು ಕಪ್ಪಾಗಿಸುವ ಆಯ್ಕೆ ಆಟದ ಸೆಟ್ಟಿಂಗ್‌ನಲ್ಲಿದೆ ಎಂಬುದನ್ನೂ ತಿಳಿಸಿ.

ಅಂಕ ಕೊಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ನಾನಾದರೆ ಕೊಡುವುದಿಲ್ಲ, ಕೊಟ್ಟ ಕೂಡಲೇ ಓದುಗರ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆದರೆ ಯಾವ ಯಂತ್ರದ ಮೇಲೆ ಆಡಿದಿರಿ, ಬಟನ್ನಿನಲ್ಲೋ ಪರದೆ ಮುಟ್ಟಿಯೋ, ಹೆಡ್‌ಫೋನ್ ಇತ್ತೋ ಇಲ್ಲವೋ, ಎಷ್ಟು ತಾಸಿನಲ್ಲಿ ಮುಗಿಯಿತು, ಎಷ್ಟು ರೂಪಾಯಿ ಕೊಟ್ಟಿರಿ, ಯಾವುದಾದರೂ ಒಗಟಿಗೆ ಯೂಟ್ಯೂಬ್ ನೋಡಿದಿರೋ ಎಂಬಿಷ್ಟನ್ನು ಬರಹದ ಕೆಳಗೆ ಎರಡು ಸಾಲಿನಲ್ಲಿ ನಮೂದಿಸಿ.